ಮನೆಗೊಂದು ಪುಸ್ತಕದ ಗೂಡು: ಏನು ತರಬೇಕು, ಎಲ್ಲಿಡಬೇಕು, ಮಳೆಗಾಲದಲ್ಲಿ ಹೇಗೆ ಉಳಿಸಬೇಕು

ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಓದುಗರಿಂದ ಒಂದು ಪ್ರಶ್ನೆ ಬರುತ್ತದೆ. "ಮನೆಗೆ ಒಳ್ಳೆ ಪುಸ್ತಕ ತರೋಣ ಅಂತಿದ್ದೇವೆ, ಒಂದು ಪಟ್ಟಿ ಕೊಡ್ತೀರಾ?" ಆಗಸ್ಟ್‌ನಲ್ಲಿ ಇನ್ನೊಂದು ಬರುತ್ತದೆ. "ತಂದ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿದೆ, ಏನು ಮಾಡೋದು?" ಬಹಳ ಸಲ ಎರಡನ್ನೂ ಕೇಳುವವರು ಒಬ್ಬರೇ.

ನನಗೆ ಇವೆರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ಪಟ್ಟಿ ಹಿಡಿದು ತಂದ ಪುಸ್ತಕ ನೇರ ಗಾಜಿನ ಬೀರು ಸೇರುತ್ತದೆ. ಬೀರು ಸೇರಿದ್ದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟದ ಪುಸ್ತಕ ಮಲೆನಾಡಿನ ಮಳೆಗೆ ಬೂಷ್ಟು ಹಿಡಿಯದೆ ಇನ್ನೇನಾದೀತು? ಕೈಯಾಡುವ ಪುಸ್ತಕ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಹಾಗಾಗಿ ಇಲ್ಲಿ ಪಟ್ಟಿ ಇಲ್ಲ. ಯಾವ ಬಗೆಯ ಪುಸ್ತಕ ಮನೆಯಲ್ಲಿ ಯಾವ ಕೆಲಸ ಮಾಡುತ್ತದೆ, ಅದನ್ನು ಯಾವ ಜಾಗದಲ್ಲಿ, ಯಾವ ಹೊತ್ತಿಗೆ ಕೈಗೆ ಸಿಗುವ ಹಾಗೆ ಇಡಬೇಕು ಎನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಬೇಕಾದ ನಾಲ್ಕಾರು ಹೆಸರು ಮಾತ್ರ ನಡುವೆ ಬರುತ್ತವೆ.

ಮೊದಲು ಏನೇನು ಬೇಕು

ದೊಡ್ಡ ಬಂಡವಾಳ ಬೇಡ. ಮೊದಲ ವರ್ಷಕ್ಕೆ ಎರಡು ಸಾವಿರ ರೂಪಾಯಿ ಎತ್ತಿಡಿ, ಅದನ್ನೂ ಒಂದೇ ದಿನ ಖರ್ಚು ಮಾಡಬೇಡಿ. ಹತ್ತಿರದ ಗ್ರಂಥಾಲಯದ ಸದಸ್ಯತ್ವ, ಎರಡು ರಟ್ಟಿನ ನೋಟ್‌ಬುಕ್, ಬಾಗಿಲಿಲ್ಲದ ಒಂದು ಗೂಡು ಅಥವಾ ಹಲಗೆ ಇದ್ದರೆ ಆಯಿತು. ಹಳೇ ಮನೆಯಾದರೆ ಗೋಡೆಯಲ್ಲೇ ಗೂಡು ಇರುತ್ತದೆ. ದೇವರ ದೀಪದ ಎಣ್ಣೆ, ಬೆಂಕಿಪೊಟ್ಟಣ, ಹಳೇ ಬ್ಯಾಟರಿ ತುಂಬಿಕೊಂಡಿರುವ ಅದೇ ಗೂಡು. ಅದನ್ನು ಖಾಲಿ ಮಾಡಿ.

ಹಂತ 1: ಪುಸ್ತಕ ನೋಡುವ ಮೊದಲು ಮನೆಯ ಹೊತ್ತು ನೋಡಿ

ಒಂದು ವಾರ ಏನೂ ಕೊಳ್ಳಬೇಡಿ. ಮನೆಯಲ್ಲಿ ಯಾರಿಗೆ ಯಾವಾಗ ಬಿಡುವು, ಆಗ ಬಿಡುವಾಗಿರುವುದು ಕೈಯೋ ಕಿವಿಯೋ ಬರೀ ತಲೆಯೋ, ಬರೆದಿಡಿ. ಇದು ತಮಾಷೆ ಅಲ್ಲ. ಯಾವ ಪುಸ್ತಕ ಬೇಕು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಅಡಿಕೆ ಸುಲಿಯುವ ಕಾಲ ತೆಗೆದುಕೊಳ್ಳಿ. ರಾತ್ರಿ ಎಂಟು-ಹತ್ತು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಕೈಗೆ ಬಿಡುವಿಲ್ಲ, ಕಿವಿ ಖಾಲಿ. ಅಲ್ಲಿ ಬೇಕಾದದ್ದು ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವ ಪುಸ್ತಕ. ಪುಟ್ಟ ಪುಟ್ಟ ಅಧ್ಯಾಯ ಇರಬೇಕು, ಮಾತುಕತೆ ಜಾಸ್ತಿ ಇರಬೇಕು. ಹೈಸ್ಕೂಲಿಗೆ ಹೋಗುವ ಹುಡುಗನನ್ನೋ ಹುಡುಗಿಯನ್ನೋ ಓದಲು ಕೂರಿಸಿ. ಸುಲಿಯುವ ಕೆಲಸ ತಪ್ಪುತ್ತದೆ ಅನ್ನೋ ಆಸೆಗಾದರೂ ಓದುತ್ತಾರೆ.

ಜುಲೈ ತಿಂಗಳ ಸಂಜೆ ಬೇರೆ. ಸಂಜೆಯಾಗುತ್ತಿದ್ದ ಹಾಗೆ ಕರೆಂಟು ಹೋಗುತ್ತದೆ, ಟವರ್ ಸತ್ತು ಮೊಬೈಲ್‌ಗೆ ಸಿಗ್ನಲ್ ಇರುವುದಿಲ್ಲ. ಓದಿಗೆ ಇದಕ್ಕಿಂತ ಒಳ್ಳೆ ಹೊತ್ತು ಬೇರೆ ಇಲ್ಲ. ಆದರೆ ಪುಸ್ತಕ ಆ ಕತ್ತಲಲ್ಲಿ ಕೈಗೆ ಸಿಗಬೇಕಲ್ಲ? ಚಾರ್ಜ್ ಮಾಡಿದ ಲ್ಯಾಂಪು ಗೂಡಿನ ಪಕ್ಕದಲ್ಲೇ ಇರಲಿ. ಶಿವಮೊಗ್ಗ ಪೇಟೆಯಲ್ಲಿದ್ದು ಬೆಂಗಳೂರು ರೈಲಿಗೆ ಓಡಾಡುವವರಿಗೆ ನಾಲ್ಕೈದು ಗಂಟೆ ಒಂದೇ ಸಮನೆ ಸಿಗುತ್ತದೆ. ದಪ್ಪ ಕಾದಂಬರಿ ಇರೋದೇ ಅಂಥವರಿಗೆ.

ಇಲ್ಲಿ ಎಡವುವುದು ಹೀಗೆ: "ದಿನಾ ರಾತ್ರಿ ಒಂದು ಗಂಟೆ ಎಲ್ಲರೂ ಓದಲೇಬೇಕು" ಅಂತ ಕಾನೂನು ಮಾಡುವುದು. ಮೂರನೇ ದಿನಕ್ಕೆ ಮುರಿದು ಬೀಳುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಖಾಲಿ ಹೊತ್ತಿಗೆ ಪುಸ್ತಕ ಸೇರಿಸಿ, ಹೊಸ ಹೊತ್ತು ಹುಟ್ಟಿಸಬೇಡಿ.

ಹಂತ 2: ಯಾವ ಬಗೆ ಯಾವ ಕೆಲಸಕ್ಕೆ

ಕತೆ-ಕಾದಂಬರಿ. "ಇದರಿಂದ ಏನು ಉಪಯೋಗ?" ಅಂತ ತುಂಬ ಜನ ಕೇಳುತ್ತಾರೆ. ಬೇರೆಯವರ ತಲೆಯೊಳಗೆ ಕೂತು ನೋಡುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ, ಅದೇ ಉಪಯೋಗ. ಓದಿನ ಅಭ್ಯಾಸ ತಪ್ಪಿ ವರ್ಷಗಳಾದವರು ತೆಳ್ಳಗಿನದರಿಂದ ಶುರು ಮಾಡಿ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ 1980ರದ್ದು, ಈಗಲೂ ಹೊಸಬರನ್ನು ಓದಿಸಿಕೊಂಡು ಹೋಗುತ್ತದೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಆರುನೂರು ಪುಟ ದಾಟುತ್ತದೆ. ಅದನ್ನು ಮೊದಲ ಪುಸ್ತಕ ಮಾಡಿಕೊಂಡು ನಲವತ್ತನೇ ಪುಟಕ್ಕೆ ಬಿಟ್ಟವರನ್ನು ಬಹಳ ಕಂಡಿದ್ದೇನೆ. ಅದು ಪುಸ್ತಕದ ತಪ್ಪಲ್ಲ, ಸರದಿಯ ತಪ್ಪು.

ನಮ್ಮ ಕಡೆಯವರಿಗೆ ಒಂದು ಹೆಚ್ಚಿನ ಲಾಭ ಇದೆ. ಮಲೆನಾಡಿನ ಕತೆಗಳಲ್ಲಿ ಗೊರಬು, ಕಂಬಳಿಕೊಪ್ಪೆ ಅಂತೆಲ್ಲ ಬರುತ್ತದೆ. ಮಕ್ಕಳಿಗೆ ಗೊತ್ತಿರುವುದಿಲ್ಲ. ಫೋನಿನಲ್ಲಿ ಹುಡುಕಲು ಬಿಡಬೇಡಿ, ಅಜ್ಜಿಯನ್ನು ಕೇಳಲು ಕಳಿಸಿ. ಗೊರಬು ಅಂದರೆ ಎಲೆ-ಬಿದಿರಿನಲ್ಲಿ ಹೆಣೆದ ಮಳೆಯ ಮರೆ, ಸಸಿ ನೆಡುವಾಗ ಬಗ್ಗಿದ ಬೆನ್ನಿಗೆ ಹಾಕಿಕೊಳ್ಳುವುದು. ಇಷ್ಟನ್ನು ಅಜ್ಜಿ ಒಂದೇ ಮಾತಲ್ಲಿ ಹೇಳಿ ನಿಲ್ಲಿಸುವುದಿಲ್ಲ. ಅರ್ಧ ಗಂಟೆ ಹೋಗುತ್ತದೆ. ಆ ಅರ್ಧ ಗಂಟೆಯೂ ಓದೇ.

ಬದುಕಿನ ಕತೆ. ಅಂದರೆ ಆತ್ಮಕಥೆ, ಜೀವನಚರಿತ್ರೆ. ವ್ಯಕ್ತಿತ್ವ ವಿಕಸನದ ಪುಸ್ತಕ ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ಮೊದಲು ಇದನ್ನೇ ಕೊಡುತ್ತೇನೆ. "ಬೆಳಿಗ್ಗೆ ಐದಕ್ಕೆ ಏಳಿ, ಗುರಿ ಬರೆದಿಡಿ" ಅನ್ನುವ ಪುಸ್ತಕಗಳಲ್ಲಿ ಒಂದನ್ನು ಓದಿದರೆ ಹತ್ತು ಓದಿದ ಹಾಗೆ. ಒಬ್ಬ ಮನುಷ್ಯ ಎಲ್ಲಿ ಸೋತ, ಯಾರ ಹತ್ತಿರ ಸಾಲ ಮಾಡಿದ, ಯಾವ ನಿರ್ಧಾರಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟ ಅನ್ನೋದು ಬದುಕಿನ ಕತೆಯಲ್ಲಿ ಸಿಗುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಇದಕ್ಕೆ ಬರವಿಲ್ಲ. ಕುವೆಂಪು ಅವರ ನೆನಪಿನ ದೋಣಿಯಲ್ಲಿ ಇದೆ, ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರ ಹುಳಿಮಾವಿನ ಮರ ಇದೆ. ಒಬ್ಬರದು ಇನ್ನೊಬ್ಬರ ಹಾಗಿಲ್ಲ.

ಆದರೂ ವಿಕಸನದ ಪುಸ್ತಕವೇ ಬೇಕು ಅನ್ನುವವರು ವರ್ಷಕ್ಕೆ ಒಂದು ತನ್ನಿ. ಒಂದು ಅಧ್ಯಾಯ ಓದಿ ಮುಚ್ಚಿಡಿ. ಅದರಲ್ಲಿ ಹೇಳಿದ್ದನ್ನು ಹದಿನೈದು ದಿನ ಮಾಡಿ ನೋಡದೆ ಮುಂದಿನ ಅಧ್ಯಾಯ ತೆರೆಯಬೇಡಿ. ಹೆಚ್ಚಿನವರು ಎರಡನೇ ಅಧ್ಯಾಯಕ್ಕೇ ಹೋಗುವುದಿಲ್ಲ. ಒಂದು ಪುಸ್ತಕದ ದುಡ್ಡು ಉಳಿಯುವುದಂತೂ ಖಂಡಿತ.

ಹುಡುಕಿ ನೋಡುವ ಪುಸ್ತಕ. ನಿಘಂಟು, ಭೂಪಟ, ಹಕ್ಕಿ-ಗಿಡಗಳ ಕೈಪಿಡಿ. ಇವನ್ನು ಮೊದಲಿಂದ ಕೊನೆವರೆಗೆ ಯಾರೂ ಓದುವುದಿಲ್ಲ. ಪ್ರಶ್ನೆ ಎದ್ದಾಗ ಎದ್ದು ಹೋಗದೆ ಕೈಗೆ ಸಿಗಬೇಕು, ಅಷ್ಟೇ. ಊಟದ ಜಾಗಕ್ಕೆ ಹತ್ತಿರ ಇಡಿ, ಯಾಕೆಂದರೆ ಮನೆಯಲ್ಲಿ ವಾದ ಹುಟ್ಟುವುದು ಊಟಕ್ಕೆ ಕೂತಾಗ.

ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಮನೆಗೆ ಅಷ್ಟು ಬೇಡ, ಒಂದೇ ಸಂಪುಟದ ಸಂಕ್ಷಿಪ್ತ ನಿಘಂಟು ಸಾಕು. ಮಕ್ಕಳಿಗೆ ಮೊದಲ ದಿನವೇ ಒಂದು ವಿಷಯ ಹೇಳಿಕೊಡಿ. ಕ್ಷಮೆ, ಕ್ಷೌರ ಇಂಥ ಪದಗಳನ್ನು ಕೊನೆಯಲ್ಲಿ ಹುಡುಕಬೇಡಿ. ವರ್ಣಮಾಲೆಯ ಪಟದಲ್ಲಿ ಕ್ಷ ಕೊನೆಗೆ ಇರುವುದರಿಂದ ಎಲ್ಲರೂ ಹಾಗೇ ಹುಡುಕುತ್ತಾರೆ. ಅದು ಕಕಾರಕ್ಕೆ ಷಕಾರದ ಒತ್ತು. ನಿಘಂಟಿನಲ್ಲಿ ಕ ವಿಭಾಗದಲ್ಲೇ ಸಿಗುತ್ತದೆ.

ಹಕ್ಕಿ ಕೈಪಿಡಿ ತಂದರೆ ಮನೆಯಲ್ಲಿ ಇಡಬೇಡಿ, ಹೊರಗೆ ಒಯ್ಯಿರಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ. ರಸ್ತೆ ಪಕ್ಕದಲ್ಲೇ ನಿಂತು ನೋಡಬಹುದು. ಪುಸ್ತಕದಲ್ಲಿ ಚಿತ್ರ, ಎದುರಿಗೆ ಹಕ್ಕಿ, ಎರಡನ್ನೂ ಒಂದೇ ಹೊತ್ತಿಗೆ ನೋಡಿದ ಮಗುವಿಗೆ ಆಮೇಲೆ ಯಾರೂ ಪುಸ್ತಕದ ಮಹತ್ವ ಹೇಳಬೇಕಾಗಿಲ್ಲ.

ಮಾಡಿ ಕಲಿಯುವ ಪುಸ್ತಕ. ಅಡುಗೆ, ಕೃಷಿ, ಹೊಲಿಗೆ, ವಿಜ್ಞಾನದ ಪ್ರಯೋಗ. ಮನೆಯಲ್ಲೇ ಕಲಿಸಬೇಕು ಅನ್ನುವವರಿಗೆ ಇದೇ ದೊಡ್ಡ ಗಣಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಲ್ಲ ಅಡಿಕೆ ತೋಟದವರಿಗೂ ಗೊತ್ತು. ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಕೈಪಿಡಿಯಲ್ಲಿ ಇರುತ್ತದೆ. ಆ ಪುಟ ತೆರೆದು ಐದನೇ ತರಗತಿಯ ಮಗುವಿಗೆ ಕೇಳಿ: ನಮ್ಮ ಡ್ರಮ್ಮು 200 ಲೀಟರಿನದು, ಎಷ್ಟು ತುತ್ತ ಬೇಕು? 15 ಲೀಟರ್ ಕ್ಯಾನಿಗೆ ಮಾಡಿದರೆ ಎಷ್ಟು ಗ್ರಾಂ? ಎರಡು ಕಿಲೋ, ನೂರೈವತ್ತು ಗ್ರಾಂ. ಅನುಪಾತದ ಲೆಕ್ಕ ಮುಗಿಯಿತು. ಇನ್ನು ದೊಡ್ಡ ಮಕ್ಕಳಿದ್ದರೆ ಮುಂದಿನ ಹೆಜ್ಜೆ ನೋಡಲಿ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ತೋಟದವರು ಕಬ್ಬಿಣದ ಕತ್ತಿ ಅದ್ದುತ್ತಾರೆ. ಕತ್ತಿಗೆ ಕೆಂಪಗೆ ಹಿಡಿದರೆ ಸುಣ್ಣ ಸಾಲದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠ ತೆಗೆಯಿರಿ, ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಮುಳುಗಿಸುವ ಪ್ರಯೋಗ ಇದೆ. ಮೈಲುತುತ್ತವೇ ಆ ತಾಮ್ರದ ಸಲ್ಫೇಟು. ಕತ್ತಿಗೆ ಹಿಡಿದ ಕೆಂಪು ತಾಮ್ರ. ಅಜ್ಜ ವರ್ಷಾವರ್ಷ ಮಾಡುತ್ತಿದ್ದದ್ದು ರಸಾಯನಶಾಸ್ತ್ರ. ಮಕ್ಕಳು ದೂರ ನಿಂತು ನೋಡಲಿ, ತುತ್ತ ವಿಷ, ಕೈಯಲ್ಲಿ ಮುಟ್ಟಿಸಬೇಡಿ.

ಎಚ್ಚರಿಕೆ ಒಂದಿದೆ. ಕೃಷಿ ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿ. "ಮುದ್ರಣ" ಅಂದರೆ ಇದ್ದದ್ದನ್ನೇ ಮತ್ತೆ ಅಚ್ಚು ಹಾಕಿದ್ದು, "ಪರಿಷ್ಕೃತ ಆವೃತ್ತಿ" ಅಂದರೆ ತಿದ್ದಿದ್ದು. ಹತ್ತನೇ ಮುದ್ರಣ ಅಂತ ಹೆಮ್ಮೆಯಿಂದ ಬರೆದಿದ್ದರೂ ಒಳಗಿನ ಮಾತು ಮೂವತ್ತು ವರ್ಷ ಹಳೆಯದಿರಬಹುದು. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆಯಿರಿ ಅಂತ ಬರೆದಿದ್ದರೆ ಅದು 2011ಕ್ಕಿಂತ ಮೊದಲಿನ ಮಾತು, ಆ ವರ್ಷವೇ ಅದಕ್ಕೆ ನಿಷೇಧ ಬಂತು. ಔಷಧಿಯ ವಿಷಯಕ್ಕೆ ಹಳೇ ಪುಸ್ತಕ ನಂಬಬೇಡಿ. ಹಪ್ಪಳ-ಉಪ್ಪಿನಕಾಯಿಗೆ ಎಷ್ಟು ಹಳೆಯದಾದರೂ ಅಡ್ಡಿಯಿಲ್ಲ.

ಊರಿನ ಪುಸ್ತಕ. ಇದನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳುತ್ತೇನೆ. ನಿಮ್ಮ ಊರಿನ ಕೆರೆ ಏರಿಯ ಮೇಲೋ ದೇವಸ್ಥಾನದ ಹಿಂದೋ ಒಂದು ಕಲ್ಲು ಇದೆ ಅಲ್ವಾ? ಮೂರು ಅಂತಸ್ತಿನ ಕೆತ್ತನೆ, ಕೆಳಗೆ ಯುದ್ಧ, ಮೇಲೆ ಲಿಂಗ. ಅದು ವೀರಗಲ್ಲು, ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದರ ಮೇಲೆ ಅಕ್ಷರ ಇದ್ದರೆ, ಅದು ಏನು ಹೇಳುತ್ತದೆ ಅಂತ ನೂರಿಪ್ಪತ್ತು ವರ್ಷದ ಹಿಂದೆಯೇ ಓದಿ ಅಚ್ಚು ಹಾಕಿರುವ ಸಾಧ್ಯತೆ ಇದೆ.

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಲ್ಲಿ ಏಳು ಮತ್ತು ಎಂಟನೆಯವು ಶಿವಮೊಗ್ಗ ಜಿಲ್ಲೆಯವು. ಏಳನೆಯದು 1902ರದ್ದು, ಶಿವಮೊಗ್ಗ ಮತ್ತು ಶಿಕಾರಿಪುರದ ಕಡೆಯದು. ಎಂಟನೆಯದು 1904ರದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಅದರಲ್ಲಿವೆ. ಕಲ್ಲಿನ ಮೇಲಿನ ಮಾತು ಕನ್ನಡ ಅಕ್ಷರದಲ್ಲೇ ಇರುತ್ತದೆ, ಇಂಗ್ಲಿಷ್ ಅನುವಾದವೂ ಇರುತ್ತದೆ. ಹಳೆಯ ಮುದ್ರಣದ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ತಾಲ್ಲೂಕು ತೆಗೆದು, ಅದರಡಿ ನಿಮ್ಮ ಊರಿನ ಹೆಸರು ಹುಡುಕಿ. ಹೊಸನಗರದವರು "ನಗರ" ಅಂತ ನೋಡಬೇಕು, ಆಗ ತಾಲ್ಲೂಕಿನ ಹೆಸರು ಅದೇ. ಹಳಗನ್ನಡ ಅರ್ಥವಾಗದಿದ್ದರೆ ಕನ್ನಡ ಮೇಷ್ಟ್ರನ್ನೋ ಟೀಚರನ್ನೋ ಕೇಳಿ, ಖುಷಿಯಿಂದ ಬರುತ್ತಾರೆ. ರಜೆಯ ಒಂದು ವಾರಕ್ಕೆ ಇಷ್ಟು ಒಳ್ಳೆ ಪ್ರಾಜೆಕ್ಟು ಯಾವ ಶಾಲೆಯೂ ಕೊಡುವುದಿಲ್ಲ. ಕಲ್ಲಿಗೆ ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಸಂಜೆ ಪಕ್ಕದಿಂದ ಟಾರ್ಚ್ ಬಿಟ್ಟರೆ ಅಕ್ಷರ ತಾನೇ ಎದ್ದು ಕಾಣುತ್ತದೆ.

ಹಗುರ ಓದು. ಪತ್ತೇದಾರಿ, ಹಾಸ್ಯ, ವಾರಪತ್ರಿಕೆ, ಕಾಮಿಕ್ಸು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸುಮ್ನೆ ಓದಿ.

ಹಳೆಯ ಕಾವ್ಯ. ಕುಮಾರವ್ಯಾಸ ಕೈಗೆತ್ತಿಕೊಂಡು "ಅರ್ಥವೇ ಆಗಲ್ಲ" ಅಂತ ಇಟ್ಟವರಿಗೆ ಒಂದು ಮಾತು. ಅದು ಕಣ್ಣಲ್ಲಿ ಓದುವುದಕ್ಕೆ ಬರೆದದ್ದಲ್ಲ. ಶಿವಮೊಗ್ಗದ ಮಗ್ಗುಲಲ್ಲೇ ಇರುವ ಹೊಸಹಳ್ಳಿ ಗಮಕಕ್ಕೆ ಹೆಸರುವಾಸಿ. ಗಮಕ ಅಂದರೆ ಕಾವ್ಯವನ್ನು ಅರ್ಥ ಕೆಡದ ಹಾಗೆ ರಾಗದಲ್ಲಿ ಓದುವುದು. ಅಲ್ಲಿನ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಮೊದಲು ಕೇಳಿ, ಆಮೇಲೆ ಪುಸ್ತಕ ತೆರೆಯಿರಿ. ಪದ ಬಿಡಿಸಿಕೊಳ್ಳುವುದು ಅರ್ಧಕ್ಕರ್ಧ ಸುಲಭವಾಗುತ್ತದೆ.

ಹಂತ 3: ತರುವುದು ಎಲ್ಲಿಂದ

ಮೊದಲು ಗ್ರಂಥಾಲಯ. ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವುದು, ತೆರಿಗೆಯ ಮೇಲೆ ಶೇ. 6. ದುಡ್ಡು ಹೇಗೂ ಕೊಟ್ಟಿದ್ದೀರಿ, ಹೋಗಿ ಓದಿ. ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ನನ್ನ ನಿಯಮ ಇಷ್ಟು. ಕತೆ-ಕಾದಂಬರಿಯನ್ನು ಮೊದಲು ಗ್ರಂಥಾಲಯದಿಂದ ತನ್ನಿ. ಎರಡನೇ ಸಲ ಓದಬೇಕು ಅನ್ನಿಸಿದರೆ ಮಾತ್ರ ಕೊಳ್ಳಿ. ನಿಘಂಟು, ಕೈಪಿಡಿ, ಪುಟ್ಟ ಮಕ್ಕಳ ಚಿತ್ರದ ಪುಸ್ತಕ ಇವನ್ನು ಮಾತ್ರ ನೇರ ಕೊಳ್ಳಿ. ಪುಟ್ಟ ಮಕ್ಕಳು ಒಂದೇ ಪುಸ್ತಕವನ್ನು ಐವತ್ತು ಸಲ ಕೇಳುತ್ತಾರೆ, ಹರಿಯುತ್ತಾರೆ ಕೂಡ.

ಪುಕ್ಕಟೆ ಸಿಗುವುದೂ ಇದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳನ್ನು ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದು, ಅದಕ್ಕೆ ಅವರದೇ ಒಪ್ಪಿಗೆ ಇದೆ. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್‌ಗಳ ಕತೆ ಬೇರೆ. ಕೃತಿಸ್ವಾಮ್ಯ, ಅಂದರೆ ಬರೆದವರ ಹಕ್ಕು, ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಪದ್ಯಗಳನ್ನು ಯಾರು ಬೇಕಾದರೂ ಹಂಚಬಹುದು. ಕುವೆಂಪು 1994ರಲ್ಲಿ. ಅಂದರೆ 2054ರ ಕೊನೆವರೆಗೆ ಹಕ್ಕಿದೆ. ಲೆಕ್ಕ ಇಷ್ಟು ಸುಲಭ.

ಕೊಳ್ಳುವುದಾದರೆ ನವೆಂಬರ್‌ವರೆಗೆ ಕಾಯಿರಿ. ರಾಜ್ಯೋತ್ಸವದ ತಿಂಗಳಲ್ಲಿ ಎಷ್ಟೋ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ. ಸಾಗರದ ಕಡೆ ಹೋದರೆ ಹೆಗ್ಗೋಡಿಗೆ ಹೋಗಿ ಬನ್ನಿ. ಕೆ. ವಿ. ಸುಬ್ಬಣ್ಣ ಕಟ್ಟಿದ ಅಕ್ಷರ ಪ್ರಕಾಶನ ಅಲ್ಲೇ ಇದೆ. ಅಲ್ಲಿನ ರಂಗಸಂಸ್ಥೆ ನೀನಾಸಂನ ನಾಟಕ ಇದ್ದ ದಿನ ಹೋದರೆ ಒಂದೇ ಬಸ್‌ಚಾರ್ಜಿನಲ್ಲಿ ಎರಡು ಕೆಲಸ.

ದುಡ್ಡು ಕೊಡುವ ಮೊದಲು ಪುಟ ಸಂಖ್ಯೆ ಓಡಿಸಿ ನೋಡಿ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ಫಾರಂ ಅಂದರೆ ದೊಡ್ಡ ಹಾಳೆಯನ್ನು ಮಡಚಿದಾಗ ಆಗುವ ಪುಟಗಳ ಕಟ್ಟು, ಸಾಮಾನ್ಯವಾಗಿ 8 ಅಥವಾ 16 ಪುಟ. ಬೈಂಡಿಂಗ್‌ನಲ್ಲಿ ಒಂದು ಫಾರಂ ಬಿಟ್ಟುಹೋಗುವುದು, ಇನ್ನೊಂದು ಎರಡು ಸಲ ಸೇರುವುದು ಆಗುತ್ತಿರುತ್ತದೆ. ನಾನೊಮ್ಮೆ ಕೊಂಡ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬೀಳುವ ಹದಿನಾರು ಪುಟವೇ ಇರಲಿಲ್ಲ.

ಹಂತ 4: ಮಕ್ಕಳ ಜತೆ ಓದುವುದು

ಹತ್ತು-ಹದಿನೈದು ನಿಮಿಷ ಸಾಕು. ಪುಸ್ತಕ ಮಗುವಿಗೆ ಕಾಣುವ ಹಾಗೆ ಹಿಡಿಯಿರಿ, ನಿಮ್ಮ ಕಡೆಗಲ್ಲ. ಓದುವ ಸಾಲಿನ ಕೆಳಗೆ ಬೆರಳು ಓಡಲಿ. ಕತೆ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ, "ನಾಳೆ" ಅನ್ನಿ. ನಾಳೆ ಮಗುವೇ ಪುಸ್ತಕ ಹಿಡಿದು ಬರುತ್ತದೆ.

ಓದು ಕಲಿಯುತ್ತಿರುವ ಮಕ್ಕಳಿಗೆ ಪದ್ಯದ ಕತೆ ಒಳ್ಳೆಯದು. ಪ್ರಾಸ ಇರುವುದರಿಂದ ಮುಂದಿನ ಪದ ಏನಿರಬಹುದು ಅಂತ ಬಾಯಿಗೇ ಗೊತ್ತಾಗುತ್ತದೆ, ಕಣ್ಣು ಆಮೇಲೆ ಅಕ್ಷರ ಗುರುತಿಸುತ್ತದೆ. ಕುವೆಂಪು ಅವರ ಕಿಂದರಿಜೋಗಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೂಲ ಕತೆ ಜರ್ಮನಿಯ ಹ್ಯಾಮೆಲಿನ್ ಊರಿನದು, ರಾಬರ್ಟ್ ಬ್ರೌನಿಂಗ್ ಅದನ್ನು ಇಂಗ್ಲಿಷಿನಲ್ಲಿ ಪದ್ಯ ಮಾಡಿದ್ದ. ಕನ್ನಡದಲ್ಲಿ ಓದುವಾಗ ಅದು ಯಾರಿಗೂ ನೆನಪೇ ಆಗುವುದಿಲ್ಲ.

ತಪ್ಪುಗಳು ಇಲ್ಲೇ ಜಾಸ್ತಿ. ಕತೆ ಮುಗಿದ ಕೂಡಲೇ "ಇದರಿಂದ ಏನು ನೀತಿ ತಿಳೀತು?" ಅಂತ ಕೇಳುವುದು ಮೊದಲನೆಯದು. ದಯವಿಟ್ಟು ಕೇಳಬೇಡಿ. ಸಿನಿಮಾ ನೋಡಿ ಬಂದ ನಿಮ್ಮನ್ನು ಯಾರಾದರೂ ಬಾಗಿಲಲ್ಲಿ ನಿಲ್ಲಿಸಿ ಹಾಗೆ ಕೇಳಿದರೆ ಹೇಗಿರುತ್ತದೆ? ಇನ್ನೊಂದು, ವಯಸ್ಸಿಗೆ ಮೀರಿದ್ದನ್ನು ತಂದು "ಮುಂದೆ ಉಪಯೋಗಕ್ಕೆ ಬರುತ್ತೆ" ಅನ್ನುವುದು. ಹಾಗೆ ತಂದ ಸ್ಪರ್ಧಾ ಪರೀಕ್ಷೆಯ ಪುಸ್ತಕ ಆರನೇ ತರಗತಿಯ ಮಗುವಿನ ಮೇಜಿನ ಮೇಲೆ ಇದ್ದರೆ, ಪಕ್ಕದಲ್ಲಿರುವ ಕತೆ ಪುಸ್ತಕವೂ ಪಾಠದ ಹಾಗೆ ಕಾಣತೊಡಗುತ್ತದೆ. ಬೇರೆ ಬೇರೆ ಜಾಗದಲ್ಲಿಡಿ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಕನ್ನಡ ತಡವರಿಸಿ ಓದಿದಾಗ ನಗಬಾರದು. ಒಂದು ಪುಟ ನೀವು, ಒಂದು ಪುಟ ಅವರು. ಒಂದು ಮಳೆಗಾಲದಲ್ಲಿ ಸರಿಹೋಗುತ್ತದೆ.

ಹಂತ 5: ಎರಡು ನೋಟ್‌ಬುಕ್

ಒಂದರಲ್ಲಿ ಓದಿದ ಪುಸ್ತಕದ ಹೆಸರು, ತಾರೀಖು, ನೆನಪಿಡಬೇಕಾದ ಒಂದೇ ಒಂದು ಸಾಲು. ಬಿಟ್ಟ ಪುಸ್ತಕವನ್ನೂ ಬರೆಯಿರಿ. ಎಷ್ಟನೇ ಪುಟಕ್ಕೆ, ಯಾಕೆ ಬಿಟ್ಟಿರಿ ಅಂತ. ನನ್ನ ಮಟ್ಟಿಗೆ ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ಬಿಡಬಹುದು, ತಪ್ಪೇನಿಲ್ಲ.

ಇನ್ನೊಂದರಲ್ಲಿ ಕೊಟ್ಟದ್ದು-ತಂದದ್ದು. ನೆಂಟರು ಒಯ್ದ ಪುಸ್ತಕ ವಾಪಸ್ ಕೇಳಲು ನಮಗೆ ಸಂಕೋಚ. ಅವರ ಎದುರಿಗೇ ನೋಟ್‌ಬುಕ್ ತೆಗೆದು ಅವರ ಕೈಯಲ್ಲೇ ಬರೆಸಿ. ಸಂಕೋಚ ಅವರ ಕಡೆಗೆ ಹೋಗುತ್ತದೆ.

ಹಂತ 6: ಮಳೆಗಾಲದಿಂದ ಉಳಿಸುವುದು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅಷ್ಟಿಲ್ಲದ ಊರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಕಾಗದಕ್ಕೆ ನೀರು ಬೀಳಬೇಕಾಗಿಯೂ ಇಲ್ಲ. ಗಾಳಿಯ ತೇವ ಶೇ. 65-70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಹುಟ್ಟುತ್ತದೆ. ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ, ಗೂಡಿನಲ್ಲಿ ಒಂದು ಇಡಬಹುದು.

ಜಾಗದ ವಿಷಯ ಮೊದಲು. ನೈಋತ್ಯದ ಮಳೆ ಬಡಿಯುವ ಪಶ್ಚಿಮದ, ದಕ್ಷಿಣದ ಹೊರಗೋಡೆಗೆ ಪುಸ್ತಕ ಒರಗಿಸಬೇಡಿ. ಒಳಗೋಡೆ ಒಳ್ಳೆಯದು, ಅಡುಗೆಮನೆಗೆ ತಾಗಿದ್ದರೆ ಇನ್ನೂ ಒಳ್ಳೆಯದು. ಹಲಗೆ ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಒಂದು ಗೇಣು ಮೇಲೆ ಇರಲಿ. ಒರಲೆ, ಅಂದರೆ ಗೆದ್ದಲು, ಬರುವುದು ನೆಲ ಮತ್ತು ಗೋಡೆಯಿಂದ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಮಧ್ಯೆ ಬೆರಳು ಹೋಗುವಷ್ಟು ಸಡಿಲ ಬೇಕು. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಕಾಗದದ ಹೊದಿಕೆ ಸಾಕು.

ಗಾಜಿನ ಬೀರುವೇ ಇದೆ, ಏನು ಮಾಡೋದು ಅಂದರೆ ವಾರಕ್ಕೆ ಎರಡು ಸಲ, ಮಳೆ ಬಿಟ್ಟ ಹೊತ್ತಿನಲ್ಲಿ, ಬಾಗಿಲು ತೆರೆದು ಫ್ಯಾನ್ ಹಾಕಿ. ಹಿಂದೆ ಬೀರುವಿನೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದರು. ಅದು ಕೆಲಸ ಮಾಡುತ್ತಿದ್ದದ್ದು ಬಿಸಿಯಿಂದ, ಬೆಳಕಿನಿಂದ ಅಲ್ಲ. ಈಗ ಅದೇ ಜಾಗಕ್ಕೆ ಎಲ್‌ಇಡಿ ಹಾಕಿ "ಉಪಯೋಗ ಆಗ್ಲಿಲ್ಲ" ಅನ್ನುತ್ತಾರೆ. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಹಳೇ ಬಲ್ಬೇ ಹಾಕುವುದಾದರೆ ಕಾಗದಕ್ಕೆ ತಾಗದಂತೆ, ಮನೆಯಲ್ಲಿ ಜನ ಇರುವಾಗ ಮಾತ್ರ ಹಾಕಿ. ಅದಕ್ಕಿಂತ ಸಿಲಿಕಾ ಜೆಲ್ ಚೀಲ ಸುರಕ್ಷಿತ.

ಹುಳಕ್ಕೆ ಒಣಗಿದ ಬೇವಿನೆಲೆ, ಬಜೆಯ ತುಂಡು ಬಟ್ಟೆಯಲ್ಲಿ ಕಟ್ಟಿ ಇಡುವುದು ಹಳೇ ರೂಢಿ. ಎಲೆ ಪೂರ್ತಿ ಒಣಗಿರಬೇಕು, ಹಸಿ ಎಲೆ ಇಟ್ಟರೆ ನೀವೇ ತೇವ ತಂದಿಟ್ಟ ಹಾಗೆ. ನುಸಿಗುಳಿಗೆಯನ್ನು ಮಕ್ಕಳ ಪುಸ್ತಕದ ಹತ್ತಿರ ಇಡಲೇಬೇಡಿ, ಅದು ವಿಷ, ನೋಡಲು ಪೆಪ್ಪರಮಿಂಟಿನ ಹಾಗಿರುತ್ತದೆ.

ಬೂಷ್ಟು ಬಂದೇಬಿಟ್ಟರೆ ಆ ಪುಸ್ತಕವನ್ನು ತಕ್ಷಣ ಬೇರೆ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಒಳಗೆ ಇಳಿಯುತ್ತದೆ. ಮೊದಲು ಫ್ಯಾನಿನ ಗಾಳಿಗೆ ಪುಟ ಬಿಡಿಸಿ ನಿಲ್ಲಿಸಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆ ಬ್ರಷ್‌ನಲ್ಲಿ ಪುಟದ ಒಳಗಿಂದ ಹೊರಕ್ಕೆ ಕೊಡವಿ. ದಮ್ಮು ಇರುವವರು ಈ ಕೆಲಸ ಮಾಡಬಾರದು. ಬಿಸಿಲು ಬಿತ್ತು ಅಂತ ಅಂಗಳದಲ್ಲಿ ದಿನಪೂರ್ತಿ ಒಣಹಾಕಿದರೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಕಾಗದ ಹಳದಿಯಾಗುತ್ತದೆ. ನೆರಳಿನ ಗಾಳಿಯೇ ಸರಿ.

ಪುಟದಲ್ಲಿ ತೂತು ಕೊರೆಯುವ ಹುಳ ಇದ್ದರೆ, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಕರೆಂಟು ಪದೇ ಪದೇ ಹೋಗುವ ಊರಾದರೆ ಇನ್ನೊಂದು ವಾರ ಸೇರಿಸಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿನ ಪುಸ್ತಕದ ಮೇಲೆ ನೀರು ಕೂರುತ್ತದೆ.

ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡ, ನಾಲ್ಕೈದು ವರ್ಷಕ್ಕೆ ಕಂದು ಕಲೆ ಬಿಟ್ಟು ಉದುರುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು ಸವರಿ ಹಚ್ಚಿ. ಬರೀ ಮೈದಾ ಹುಳಕ್ಕೆ ಊಟವಾಗುವುದರಿಂದ ಬೈಂಡಿಂಗ್‌ನವರು ಅದಕ್ಕೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಅದೇ ತುತ್ತ, ತೋಟಕ್ಕೆ ತಂದದ್ದು. ಆ ಅಂಟಿನ ಬಟ್ಟಲು ಅಡುಗೆಮನೆಗೆ ವಾಪಸ್ ಹೋಗಬಾರದು, ಪುಟಾಣಿ ಮಕ್ಕಳು ಕಚ್ಚುವ ಪುಸ್ತಕಕ್ಕೂ ಇದನ್ನು ಹಚ್ಚಬಾರದು.

ವರ್ಷಕ್ಕೊಂದು ಸಲ ಎಲ್ಲವನ್ನೂ ಇಳಿಸಿ ನೋಡಬೇಕು. ಅದಕ್ಕೆ ನವರಾತ್ರಿಗಿಂತ ಒಳ್ಳೆ ಹೊತ್ತಿಲ್ಲ, ಮಳೆ ಹಿಂದೆ ಸರಿದಿರುತ್ತದೆ. ಸರಸ್ವತಿ ಪೂಜೆಗೆ ಹೇಗೂ ನಾಲ್ಕು ಪುಸ್ತಕ ಹೊರಗೆ ತೆಗೆಯುತ್ತೀರಿ. ಆ ಸಲ ಎಲ್ಲವನ್ನೂ ಜಗಲಿಗೆ ತನ್ನಿ. ಧೂಳು ಹೊಡೆಯಿರಿ, ಹಲಗೆ ಒರೆಸಿ ಒಣಗಿಸಿ, ಎರಡನೇ ನೋಟ್‌ಬುಕ್ ತೆರೆದು ಲೆಕ್ಕ ಹಾಕಿ. ವರ್ಷವಿಡೀ ಯಾರೂ ಮುಟ್ಟದ್ದನ್ನು ಬೇರೆ ಇಟ್ಟು ಊರಿನ ಅರಿವು ಕೇಂದ್ರಕ್ಕೋ ಶಾಲೆಗೋ ಕೊಡಿ. ಪೂಜೆಗೆ ಇಟ್ಟ ಪುಸ್ತಕದ ರಾಶಿಯಲ್ಲಿ ಗ್ರಂಥಾಲಯದ್ದು ಒಂದೆರಡು ಖಂಡಿತ ಇರುತ್ತವೆ. ಅವನ್ನು ವಿಜಯದಶಮಿಯ ಮಾರನೇ ದಿನ ವಾಪಸ್ ಮಾಡಿ ಬನ್ನಿ.